ನಾಲ್ಕು ಕಾಳು

ಕಲಬುರಗಿ ಗಂಜಿನ ಬೇಳೆ ಮಿಲ್ಲಿನಾಗ
ಪಗಾರ ಚೀಟಿ ಬರಿಯಾಂವ ನಾ.
ಕರೀ ಪರದೆ, ಬಿಳೀ ಅಕ್ಷರ,
ಮೌಸ್ ಇಲ್ಲ, ಚಿತ್ರ ಇಲ್ಲ.
ಹಗಲೆಲ್ಲ ತೊಗರಿ ಹೊಟ್ಟು ಹಾರಿ
ಕೀಲಿಗಳ ಸಂದಿನಾಗ ಕೂಡ್ತದ.

ಶನಿವಾರ ಆಕಿ ಚೀಟಿ ತಿರುಗಿ ತಂದಳು.
"ಇದು ಯಾರ ಹೆಸರ್ರೀ?"
ನಿಮ್ಮದೇ, ಅಂದೆ. ಹಫೀಜಾ.
"ಏಳನೇತ್ತ ತನಕ ಕನ್ನಡ ಸಾಲಿ ಕಲ್ತೀನ್ರಿ ನಾ"
ಅಂತ ಸೆರಗಿನ ಗಂಟು ಬಿಚ್ಚಿ
ನಾಲ್ಕು ತೊಗರಿ ಕಾಳು ತೆಗೆದು
ಫ ಕೆಳಗ ಎರಡು, ಜ ಕೆಳಗ ಎರಡು ಇಟ್ಟಳು.
ಫ್ಯಾನಿನ ಗಾಳಿಗೆ ಚೀಟಿ ಅಲುಗಾಡಿ
ಒಂದು ಕಾಳು ಉರುಳಿತು.
ಮತ್ತ ಇಟ್ಟಳು.

ಆ ರಾತ್ರಿ ಕೀಲಿಮಣೆ ಜೋಡಿ ಜಗಳ.
ಆಲ್ಟ್ ಹಿಡಿದು ಎಫ್ ಒತ್ತಿದರ
ಕರ್ಸರ್ ಒಂದು ಶಬ್ದ ದಾಟಿ ಓಡ್ತದ,
ಗಾಣದೆತ್ತು ರೂಢಿ ಬಿಡದಂಗ.
ಎನ್ ಒತ್ತಿದರ ಏನೂ ಆಗಲಿಲ್ಲ.
ಖಾಲಿ ಖೋಲಿ, ಛಲೋ ಆತು,
ಇಲ್ಲೇ ಇರಸೋಣು ಅಂತ
ಸೆಟ್ಟಿಂಗಿನ ಕಡತದಾಗ ಒಂದು ಸಾಲು ಬರೆದೆ:
ಈ ಕೀಲಿಗೆ ಈ ಚುಕ್ಕಿ.
ಸೊನ್ನೆ ಸಿ ಬಿ ಸಿ, ಅದರ ನಂಬರು.

ಮೊದಲು ಬಂದದ್ದು ಒಂದು ಡಬ್ಬಿ.
ಫಾಂಟು ಬದಲಿ ಮಾಡಿದೆ.
ಆಮ್ಯಾಲ ಜಾ ಬರೆದು ಚುಕ್ಕಿ ಒತ್ತಿದರ
ಪಕ್ಕದಾಗ ಒಂದು ಖಾಲಿ ಸುತ್ತು ಹುಟ್ಟಿ
ಅದರ ಕೆಳಗ ಹೋಗಿ ನಿಂತವು ಎರಡೂ,
ತಪ್ಪಿದ ಬಸ್ಸಿನಾಗ ಕುಂತ ಮಂದಿಯಂಗ.
ಒಂದೂವರಿಗೆ ತಿಳೀತು:
ಚುಕ್ಕಿ ಮೊದಲು, ದೀರ್ಘ ಆಮ್ಯಾಲ.
ಉಸಿರು ತಿದ್ದಿಕೊಂಡೇ ದನಿ ಎಳೀಬೇಕು.

ಯಾರೂ ಇರದ ಮಿಲ್ಲಿನಾಗ ಜೋರಾಗಿ ಓದಿದೆ:
ಹಫ಼ೀಜ಼ಾ.
ನನ್ನ ಮ್ಯಾಲಿನ ಹಲ್ಲು
ಕೆಳತುಟಿಗೆ ತಾಗಿದ್ದು
ನಲವತ್ತೆರಡು ವರ್ಷದಾಗ ಮೊದಲ ಸಲ ಗೊತ್ತಾತು.
ವಾಚಮನ್ ಭೀಮಶಾ ಟಾರ್ಚ್ ಹಿಡಿದು ಬಂದ,
"ಯಾರನ್ನ ಕರದ್ರಿ ಸಾಹೇಬ್ರ?"

ಮುಂದಿನ ಶನಿವಾರ
ಆಕಿ ಚೀಟಿ ಬೆಳಕಿಗೆ ಹಿಡಿದು
ಅಕ್ಷರಕ್ಕೊಂದು ಸಲ ಬೆರಳಿಟ್ಟು ಓದಿದಳು.
ನಾ ಕಾಯ್ತಾ ನಿಂತೆ, ಪರೀಕ್ಷಾ ಬರೆದ ಹುಡುಗನಂಗ.
ಬೆರಳು ಹಂಗೇ ಬಲಕ್ಕ ಜಾರಿ
ಅಂಕಿ ಮ್ಯಾಲ ನಿಂತಿತು.
"ಹೆಸರು ಖರೇ ಅದ.
ಗುರುವಾರದ ಎರಡು ತಾಸು ಎಲ್ಲಿ?"

ಆ ಅಂಕಿ ಒಳಗ ಸೇಠ್ ಕೂತು ಕಳಸ್ತಾನ.
ಕೀಲಿಮಣೆ ನೋಡಿದೆ.
ತಲಿ ಎತ್ತೂದರಾಗ
ಆಕಿ ಸೆರಗಿನ ಗಂಟು ಬಿಚ್ಚಾಕತ್ತಿದ್ದಳು.

ನಾ ಎದ್ದು ಫ್ಯಾನು ಬಂದ್ ಮಾಡಿದೆ.