ಮೂರು ನಿಮಿಷ

ಹೊರಗೆ ಮೈನಸ್ ಮೂವತ್ತೆರಡು.
ಉಲಾನ್‌ಬಾತರಿನ ಹೊಗೆ ಕಿಟಕಿಗೆ ಮೂಗೊತ್ತಿ ನಿಂತಿದೆ.
ಒಳಗೆ ರೇಡಿಯೇಟರು
ಬೈಸಿಕೊಂಡವನ ಹಾಗೆ ಗೊಣಗುತ್ತ
ಇಡೀ ಮನೆಯ ಪಸೆ ಕುಡಿಯುತ್ತದೆ.
ಅದರ ಮೇಲೆ ಒದ್ದೆ ಟವೆಲು ಹಾಕುತ್ತೇನೆ,
ಗಂಟೆ ಕಳೆಯುವುದರೊಳಗೆ ಹಪ್ಪಳ.

ರಾತ್ರಿ ಎರಡಕ್ಕೆ ಆ ಸದ್ದು.
ಕರ್ ಕರ್ ಕರ್.
ಮೊದಲ ವಾರ ಇಲಿ ಅಂದುಕೊಂಡಿದ್ದೆ,
ಬೋನು ಕೂಡ ತಂದಿದ್ದೆ.
ಇಲಿಯಲ್ಲ, ನಮ್ಮ ಅನಿರ್. ಒಂದೂವರೆ ವರ್ಷ.
ಮಂಡಿಯ ಹಿಂದೆ, ಮೊಣಕೈ ಮಡಿಕೆಯಲ್ಲಿ,
ಕತ್ತಿನಲ್ಲಿ ಹಾಲು ಇಳಿದು ನಿಲ್ಲುವ ಗೆರೆಯಲ್ಲಿ
ನಿದ್ದೆಯಲ್ಲೇ ಕೆರೆಯುತ್ತಾಳೆ.
ಬೆಳಗ್ಗೆ ಹಾಸಿಗೆ ತುಂಬ ಹೊಟ್ಟು,
ನಡುವೆ ಸಾಸಿವೆಯಷ್ಟು ರಕ್ತ.

ತುರಿಕೆ ಅನ್ನಲು ಅವಳಿಗೆ ಮಾತಿಲ್ಲ.
ಇರುವುದೇ ನಾಲ್ಕು:
ಅಪ್ಪ, ಹಾಲು, ಬೇಡ, ಬೌ.
ತುರಿಕೆಗೆ ಅವಳು ಬೌ ಅನ್ನುತ್ತಾಳೆ.
ಚರ್ಮದೊಳಗೆ ನಾಯಿಯೊಂದು ಕಚ್ಚುತ್ತಿದೆ
ಎಂದು ನಾನು ಅರ್ಥ ಮಾಡಿಕೊಂಡೆ.

ಅತ್ತೆ ದುಲ್ಮಾ ಅವರದು ಒಂದೇ ಹಟ: ಕುರಿಬಾಲದ ಕೊಬ್ಬು ಸವರು.
"ನಿನ್ನ ಹೆಂಡತಿ ಬೆಳೆದದ್ದು ಅದರಲ್ಲೇ."
ಒಂಟೆಯುಣ್ಣೆಯ ಅಂಗಿಯನ್ನೂ ಹೆಣೆದು ತಂದರು.
ಒಂದು ಸಂಜೆ ತೊಡಿಸಿದ್ದಷ್ಟೇ, ಬೆನ್ನೆಲ್ಲ ಕೆಂಡ.
ಈಗ ಅದನ್ನು ಹತ್ತಿಯಂಗಿಯ ಮೇಲೆ ತೊಡಿಸುತ್ತೇವೆ,
ಅವರು ಮೆಟ್ಟಿಲು ಹತ್ತುವ ಸದ್ದು ಕೇಳಿದ ಮೇಲೆ.

ಡಾಕ್ಟರ್ ಸೊಲೊಂಗೊ ಬೆರಳೆತ್ತಿ ಹೇಳಿದ್ದು:
ಉಗುರುಬೆಚ್ಚಗಿನ ನೀರು, ಹತ್ತು ನಿಮಿಷ ಮೀರದಂತೆ.
ಸೋಪು ದೂರ. ಉಜ್ಜಬೇಡ, ಒತ್ತಿ ಒರೆಸು.
ಕೆಂಪಾದಲ್ಲಿ ಔಷಧ, ತೆಳ್ಳಗೆ.
ಮಿಕ್ಕ ಮೈಗೆಲ್ಲ ಮುಲಾಮು, ಜಿಪುಣತನ ಬೇಡ,
ಬ್ರೆಡ್ಡಿಗೆ ಕೆನೆ ಹಚ್ಚುತ್ತೀರಲ್ಲ, ಹಾಗೆ.
ಎಲ್ಲ ಮೂರು ನಿಮಿಷದಲ್ಲಿ.
ಆಮೇಲೆ ಗಾಳಿ ತನ್ನ ಪಾಲು ಕೇಳುತ್ತದೆ.

ತುಂಗಲಗ್‌ಗೆ ಬ್ರೆಡ್ಡಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ.
ಹಾಗಾಗಿ ಕೆಲಸ ನನ್ನದಾಯಿತು.

ನಾನು ವಿದ್ಯುತ್ ಸ್ಥಾವರದ ಫಿಟ್ಟರು,
ಹತ್ತೊಂಬತ್ತು ವರ್ಷ ಕೊಳವೆ ತಿರುಪಿದವನು.
ಅಂಗೈ ಅಲ್ಲ ಇದು, ಅರ.
ಮೊದಲ ರಾತ್ರಿ ಮುಲಾಮು ತೆಗೆದುಕೊಂಡು
ಅವಳ ಬೆನ್ನ ಮೇಲಿಟ್ಟೆ.
ಕಿರುಚಿದಳು. ಹೊರಳಿದಳು.
ನನ್ನ ಮುಖವನ್ನೇ ನೋಡಿ ಅಂದಳು: ಬೌ.

ಅಂದು ಗೊತ್ತಾಯಿತು ನಾಯಿ ಯಾರೆಂದು.

ಒಂದು ವಾರ ನನ್ನ ಕೈಗೇ ಆರೈಕೆ.
ಬಿಸಿನೀರಲ್ಲಿ ನೆನೆಸಿದೆ, ಕಲ್ಲಿನಿಂದ ತಿಕ್ಕಿದೆ,
ಉಗುರು ಬುಡಕ್ಕೆ ಕತ್ತರಿಸಿದೆ,
ಅವಳ ಡಬ್ಬಿಯಿಂದಲೇ ಕದ್ದು ಕದ್ದು ಹಚ್ಚಿಕೊಂಡೆ.
ಸ್ಥಾವರದಲ್ಲಿ ಸ್ಪ್ಯಾನರು ಜಾರಿ ಕಾಲ ಮೇಲೆ ಬಿತ್ತು.
"ಏನಯ್ಯಾ, ಮದುಮಗನ ಕೈ!" ಅಂತ ಬಾಲ್ದನ್ ನಕ್ಕ.
ನಗಲಿ. ಅವನ ಮನೆಯಲ್ಲಿ ಇರುವುದು ಬೆಕ್ಕು.

ಇನ್ನೊಂದು ವಿದ್ಯೆ ನನಗೆ ಮೊದಲೇ ಗೊತ್ತಿತ್ತು:
ಹಬೆಯ ಕೊಳವೆಗೆ ಬಟ್ಟೆ ಸುತ್ತುವುದು.
ಸಂದು ಬಿಡಬಾರದು, ಬಿಗಿಯಲೂಬಾರದು.
ತೀರಾ ಕೆರಳಿದ ರಾತ್ರಿಗಳಲ್ಲಿ, ಡಾಕ್ಟರು ಹೇಳಿದಷ್ಟು ದಿನ,
ಮುಲಾಮಿನ ಮೇಲೆ ಒದ್ದೆ ಪಟ್ಟಿ, ಅದರ ಮೇಲೆ ಒಣ ಪಟ್ಟಿ,
ಕೈಗಳಿಗೆ ಕಾಲುಚೀಲ.
ಪುಟ್ಟ ಬಾಯ್ಲರು
ಹಾಲಿನ ಶೀಶೆ ಕಚ್ಚಿಕೊಂಡು ನನ್ನನ್ನು ದುರುಗುಟ್ಟುತ್ತದೆ.

ವಾಸಿಯಾಯಿತೇ ಅಂತ ಎಲ್ಲರೂ ಕೇಳುತ್ತಾರೆ.
ಹಾಗೇನಿಲ್ಲ. ಮಂಡಿಯ ಹಿಂದೆ ತಿಳಿಯಾದರೆ
ಹುಬ್ಬಿನ ಮೇಲೆ ಏಳುತ್ತದೆ.
ನಿನ್ನೆ ಮಾತ್ರ ಎರಡಕ್ಕೆ ಎಚ್ಚರವಾಗಿ
ಸದ್ದಿಲ್ಲದ್ದಕ್ಕೆ ಹೆದರಿ ಓಡಿದೆ.
ನಿದ್ದೆ ಹೋಗಿದ್ದಳು, ಅಷ್ಟೇ.
ಹೇಗೂ ಎದ್ದಿದ್ದೇನೆಂದು ಟವೆಲು ಒದ್ದೆ ಮಾಡಿದೆ.

ಇವತ್ತು ಸ್ನಾನವಾಗಿ, ಒತ್ತಿ ಒರೆಸಿ,
ಬೆನ್ನು ಮುಗಿಸಿ ತೋಳಿಗೆ ಬಂದಾಗ
ಅವಳು ನನ್ನ ಹೆಬ್ಬೆರಳನ್ನು ಹಿಡಿದು ನಿಲ್ಲಿಸಿದಳು.
ಗೆಣ್ಣಿನ ಮೇಲೆ ಹಳೆಯ ಬಿರುಕು, ಚಳಿಗೆ ಬಾಯಿ ಬಿಟ್ಟಿದೆ.
ಬಗ್ಗಿ ನೋಡಿದಳು. ಬೌ? ಅಂದಳು.
ತನ್ನ ಹೊಟ್ಟೆಯ ಮೇಲಿನ ಮುಲಾಮನ್ನು ಬೆರಳಲ್ಲಿ ತೋಡಿ
ಅದರ ಮೇಲೆ ಮೆತ್ತಿದಳು.
ಧಾರಾಳವಾಗಿ. ಕೆನೆಯ ಹಾಗೆ.

ಗಡಿಯಾರ ನೋಡಿದೆ.
ಎರಡೂವರೆ ನಿಮಿಷ ಆಗಿಹೋಗಿದೆ,
ಇನ್ನೂ ಎರಡು ಕಾಲು ಬಾಕಿ.