ಗುಡ್ಡದಾಗ ಒಂದು ಹೂ

ನೀಲಿ ಕಾರು. ಒಳಗ ಮುನ್ನೂರು ಕುದುರಿ ಅಂತ.
ಗೋಕುಲ ರೋಡಿನ ನನ್ನ ಅಂಗಡಿ ಮುಂದ ನಿಂತಾಗ
ಪಂಕ್ಚರ್ ಹುಡುಗ ನೀರಿನ ತೊಟ್ಟಿಯೊಳಗ
ಟ್ಯೂಬ್ ಬಿಟ್ಟು ಎದ್ದು ಬಂದ.
ಬಾಗಲಾ ತಗದು ಇಳದವ್ರು ಕಣ್ಣಿನ ಡಾಕ್ಟರು,
ಪ್ರಮೋದಿನಿಬಾಯಿ ಹೊಂಬಳ, ವಯಸ್ಸು ಐವತ್ತೇಳು.
"ದಾವಲಣ್ಣ, ತಿರುವಿನಾಗ ಇದು ಜೋಲಿ ಹೊಡೀತೈತಿ,
ಬ್ರೇಕ್ ಒತ್ತಿದ್ರ ಬೆಣ್ಣಿ ಮ್ಯಾಲ ನಿಂತಂಗ."

ಕುಕ್ಕರಗಾಲಿಲೆ ಕುಂತು ನೋಡಿದೆ.
ಏಪ್ರಿಲ್ ತಿಂಗಳು, ಮಧ್ಯಾಹ್ನ ಎರಡು.
ಡಾಂಬರು ಸುಡತಿತ್ತು. ರಬ್ಬರು
ಹೆಬ್ಬಟ್ಟು ಒತ್ತಿದರ ಕೂಸಿನ ಕಿವಿಯಂಗ ಮೆತ್ತಗ.
ಮೈತುಂಬ ಸಣ್ಣ ಸಣ್ಣ ಗೀರು,
ಯಾರೋ ಬ್ಲೇಡಿನಿಂದ ಸಾಲ ಬರದು ಲೆಕ್ಕ ಇಟ್ಟಂಗ.
ಮಗ್ಗಲಿಗೆ ಒಂದು ಗುರುತು: ಮೂರು ಕೋಡಿನ ಗುಡ್ಡ,
ಅದರ ನಡುವ ಆರು ಎಸಳು.

"ಹೂ ಐತ್ರಿ" ಅಂದೆ.
ಊರ ಹೆಸರಿನಾಗ ಹೂ ಇಟಗೊಂಡು ಹುಟ್ಟಿದವನಿಗೆ
ಬ್ಯಾರೆ ಏನು ಹೊಳೀಬೇಕು.
ನಕ್ಕರು. "ಹೂ ಅಲ್ಲೋ, ಹಿಮ.
ಮೊದಲಿನ ಮಾಲಕ ಶಿಮ್ಲಾದಂವ.
ಚಳಿಗಾಲದ ಟೈರು ಹಾಕಿದಂವ ಬಿಚ್ಚಲೇ ಇಲ್ಲ,
ಹಂಗ ಮಾರಿದ, ಹಂಗ ತಂದೆ."

ಮೂವತ್ತೊಂದು ವರ್ಷ ಟೈರು ಹಾಕೇನಿ.
ಎತ್ತಿನ ಬಂಡಿಗೆ, ಎಣ್ಣಿ ಟ್ಯಾಂಕರಿಗೆ,
ಹೆಣ ಒಯ್ಯೋ ಗಾಡಿಗೆ.
ಹಿಮಕ್ಕಂತ ಹುಟ್ಟಿದ್ದನ್ನ ಮುಟ್ಟಿದ್ದು ಅವತ್ತ.

ಇದನ್ನ ತಗೀಬೇಕು, ಅದರಾಗ ಮಾತಿಲ್ಲ.
ಮಾತಿದ್ದದ್ದು ಮುಂದಿಂದು.
"ಬ್ಯಾಸಿಗಿದು ಹಾಕಸ್ರಿ" ಅಂದೆ, "ಇಂಥಾ ಗಾಡಿಗೆ ಅದ ಸೈ,
ತಿರುವಿನಾಗ ನೆಲಾ ಕಚ್ಚಿ ಹಿಡೀತೈತಿ.
ಎಲ್ಲಾ ಕಾಲದ್ದು ಅಂದ್ರ ಯಾವ ಕಾಲಕ್ಕೂ ಪೂರಾ ಅಲ್ರಿ.
ಎಲ್ಲಾರಿಗೂ ಹೌದಪ್ಪ ಅನ್ನೋ ಮನಶ್ಯಾನ
ಮದವಿ ಮಾತಕತಿಗೆ ಕರದಂಗ ಆಕ್ಕೈತಿ."

"ವಾರಕ್ಕ ಮೂರು ದಿನ ಗದಗಕ್ಕ ಹೋಗ್ತೀನಿ.
ಅಣ್ಣಿಗೇರಿ ದಾಟಿದ ಮ್ಯಾಲ ಟ್ರ್ಯಾಕ್ಟರು ಹೊಲದಿಂದ
ಎರಿ ಮಣ್ಣು ರಸ್ತೆಗೆ ತಂದು ಬಳೀತಾವು.
ನಾಕು ಹನಿ ಬಿದ್ರ ಸಾಬೂನು.
ಇಲ್ಲಿ ಮೋಡ, ಅಲ್ಲಿ ಬಿಸಲು, ನಡುವ ನಾನು.
ಒಂದ ಕಾಲದಾಗ ಇರೋ ರಸ್ತೆ ತೋರಸು,
ನೀ ಹೇಳಿದ್ದ ಹಾಕಸ್ತೀನಿ."

ಸುಮ್ಮನಿದ್ದೆ.

"ನಿನ್ನ ಮೂಗಿನ ಮ್ಯಾಲ ಇರೋದು ಎಂಥಾದ್ದು?"

ಮ್ಯಾಲ ದೂರ, ಕೆಳಗ ಹತ್ರ. ಅವರ ಬರದು ಕೊಟ್ಟದ್ದು.
ಮೊದಲ ವಾರ ಮಸೂತಿ ಪಾವಟಿಗಿ ಎಲ್ಲಿ ಮುಗೀತಂತ ತಿಳೀದ
ಎರಡ ಸಲ ಮುಗ್ಗರಿಸಿದ್ದೆ, ಮನಸಿನಾಗ ಬೈದಿದ್ದೆ ಅವರನ್ನ.
ಈಗ ನಟ್ಟು ನೋಡೂಮುಂದ ಒಂದು, ಲಾರಿ ನೋಡೂಮುಂದ ಒಂದು,
ಕುತ್ತಿಗಿ ಯಾವಾಗ ಬಾಗತೈತಿ ನನಗ ಗೊತ್ತಾಗಂಗಿಲ್ಲ.

ಜಾಕ್ ಏರಿಸಿದೆ.
ಎಲ್ಲಾ ಕಾಲದ ನಾಕು ಹಾಕಿದೆ, ತಿರುಗಿಸಿ ತೂಕ ನೋಡಿದೆ,
ಹಿಂದಿನ ಬಲಕ್ಕ ಹದಿನೈದು ಗ್ರಾಮ್ ಸೀಸ ಅಂಟಿಸಿದೆ.
"ಮೊದಲ ನೂರು ಕಿಲೋಮೀಟರು ಸಾವಕಾಶ ಹೋಗ್ರಿ."
"ಹೂಂ" ಅಂದ್ರು.
ವಿಮಾನ ನಿಲ್ದಾಣದ ಕಡೆ ಹೋತು ಆ ಸದ್ದು,
ಸಾವಕಾಶ ಅಲ್ಲ.

ಉಳದ ನಾಕೂ ಯಾವ ಗಾಡಿಗೂ ಅಳತಿ ಕೂಡಲಿಲ್ಲ.
ಗುಜರಿಯಂವ ಒಂದಕ್ಕ ನೂರಿಪ್ಪತ್ತು ಅಂದ.
ಕೊಡಲಿಲ್ಲ. ಯಾಕ ಅಂತ ಹೆಂಡತಿ ಕೇಳಿದ್ಲು,
ಜಾಗ ಐತಲ್ಲ ಅಂದೆ. ಜಾಗ ಇರಲಿಲ್ಲ.

ಡಿಸೆಂಬರಿನಾಗ ಒಂದಿನ ಐದೂವರಿಗೆ ಷಟರ್ ಎತ್ತಿದೆ.
ಬಾಯಿಂದ ಹೊಗಿ ಬರೂವಂಥಾ ಥಂಡಿ,
ಕಬ್ಬಿಣದ ಪಾನಾ ಕೈಗೆ ಕಡೀತಿತ್ತು.
ಮಾರಾಟಕ್ಕ ಇಟ್ಟ ಹೊಸಾವು ಕಟಗಿಯಂಗ ಬಿರಸಾಗಿದ್ದವು.
ಮೂಲ್ಯಾಗಿನ ಅದರ ಮ್ಯಾಲ ಹೆಬ್ಬಟ್ಟು ಒತ್ತಿದೆ.
ಒತ್ತಿದಷ್ಟು ಒಳಗ ಹೋತು, ಬಿಟ್ಟಷ್ಟು ಎದ್ದು ಬಂತು.
ಇಡೀ ಅಂಗಡ್ಯಾಗ ಅದೊಂದ ಎಚ್ಚರಿತ್ತು.

ಹುಡುಗನ್ನ ಕರದು ಮುಟ್ಟಿಸಿದೆ.
ಮುಟ್ಟಿದ, ಬಗ್ಗಿ ಮಗ್ಗಲಾ ನೋಡಿದ,
"ಕಾಕಾ, ಇಲ್ಲೆ ಹೂ ಐತಿ" ಅಂದ.

ಹೂಂ ಅಂದೆ.