ಬಣ್ಣಕ್ಕೆ ಮೊದಲು

ಬಂದ್ಯೋಡಿನ ನನ್ನ ಶೆಡ್ಡಿಗೆ
ಅದನ್ನು ಕ್ರೇನಿನಲ್ಲಿ ತೂಗಿ ತಂದದ್ದು ಕುಂಭ ತಿಂಗಳಲ್ಲಿ.
ಅರುವತ್ತನಾಲ್ಕರ ಪಿಕಪ್ಪು. ಟಯರಿಲ್ಲ, ಗ್ಲಾಸಿಲ್ಲ,
ಬಾನೆಟ್ಟಿನೊಳಗೆ ಕೋಳಿ ಕಾವು ಕೂತ ಗುರುತು.
ಅಂದುಂಞಿ ಹಾಜಿ ಇದರಲ್ಲಿ ಕಡಪ್ಪುರದಿಂದ
ಪುತ್ತೂರು ಸಂತೆಗೆ ಒಣಮೀನು ಹೊತ್ತದ್ದು
ಇಪ್ಪತ್ತೆರಡು ವರ್ಷ.
ಮೀನು ತಿಂದವರು ಮರೆತರು.
ಉಪ್ಪು ಮರೆಯಲಿಲ್ಲ.

ಮೊಮ್ಮಗಳು ಸಫೂರಾ, ಉಪ್ಪಳದಲ್ಲಿ ಹಲ್ಲಿನ ಡಾಕ್ಟರು,
ಬಾಗಿಲ ಮೇಲಿನ ಗುಳ್ಳೆಯೊಂದನ್ನು ಬೆರಳಲ್ಲಿ ಒತ್ತಿ
"ಇಷ್ಟೇ ಅಲ್ಲವಾ ಮೋನಪ್ಪಣ್ಣ?" ಎಂದರು.
ನಾನು ಸ್ಕ್ರೂಡ್ರೈವರು ಚುಚ್ಚಿದೆ.
ಹಿಡಿಯವರೆಗೆ ಹೋಯಿತು.
"ನಿಮಗೆ ಗೊತ್ತಿಲ್ಲದ್ದೇ ಡಾಕ್ಟ್ರೇ?
ಹೊರಗೆ ಕಾಣುವುದು ಚುಕ್ಕೆ,
ಹುಳುಕು ಇರುವುದು ಬೇರಿನಲ್ಲಿ."
ಅವರು ನಕ್ಕರು.
ರೋಗಿಯ ನಗು, ವೈದ್ಯರದ್ದಲ್ಲ.

ಮೊದಲ ವಾರ ಬರೀ ಸುಲಿಯುವುದು.
ಸ್ಟ್ರಿಪ್ಪರು ಹಚ್ಚಿ ಒಂದು ಬೀಡಿಯಷ್ಟು ಹೊತ್ತು ಕಾದರೆ
ಬಣ್ಣ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟುತ್ತದೆ.
ಮೇಲೆ ನೀಲಿ, ಹಾಜಿಯ ಮಗ ಮದುವೆಗೆ ಹೊಡೆಸಿದ್ದು.
ಕೆಳಗೆ ಹಸಿರು. ಅದರ ಕೆಳಗೆ
ಯಾರಿಗೂ ನೆನಪಿರದ ಒಂದು ಹಳದಿ,
ತುಪ್ಪಕ್ಕಿಂತ ತುಸು ಮಂಕು.
ಲತೀಶ ಫೋಟೋ ತೆಗೆಯಲು ಮೊಬೈಲು ಹುಡುಕುವಷ್ಟರಲ್ಲಿ
ನನ್ನ ಸ್ಕ್ರೇಪರು ಅದನ್ನೂ ದಾಟಿತ್ತು.

ಎಡ ಮಡ್ಗಾರ್ಡಿನ ಒಳಗಿಂದ ಡಾಲಿ, ಹೊರಗಿಂದ ಸುತ್ತಿಗೆ.
ಗುಂಡಿಯ ನಡುವಿಗೇ ಹೊಡೆಯಬಾರದು.
ಅಂಚಿನಿಂದ ಸುತ್ತು ಬಂದು ನಡುವಿಗೆ ಬರಬೇಕು,
ಸಾಲ ಕೇಳಲು ಹೋದವನ ಮಾತಿನ ಹಾಗೆ.
ಅವಸರ ಮಾಡಿದರೆ ತಗಡು ಹಿಗ್ಗಿ
ಡಬ್ಬದ ತಳದಂತೆ ಟಕ್ ಪಕ್ ಎನ್ನುತ್ತದೆ,
ಆಮೇಲೆ ಜನ್ಮಕ್ಕೂ ಸುಮ್ಮನಾಗುವುದಿಲ್ಲ.

ಬಲ ಬಾಗಿಲ ಅಡಿಯಲ್ಲಿ ಸಿಕ್ಕಿತು
ಅಂಗೈಯಗಲದ ಒಂದು ತೇಪೆ.
ತೆಂಗಿನೆಣ್ಣೆ ಡಬ್ಬದ ತಗಡು, ಹನ್ನೊಂದು ರಿವೆಟ್ಟು,
ಎರಡರ ನಡುವೆ ಸರಿಯಾಗಿ ಒಂದು ಬೆರಳಗಂಟು.
ಐತಪ್ಪಾಚಾರಿ. ಬೇರೆ ಯಾರೂ ಅಲ್ಲ.
ಅವರ ಕೈಯಲ್ಲಿ ಅಳತೆಪಟ್ಟಿ ನಾನು ಕಂಡದ್ದೇ ಇಲ್ಲ.
ನನ್ನ ಕಿವಿ ಹಿಂಡುತ್ತಿದ್ದದ್ದೂ ಅದೇ ಬೆರಳು.
ಗ್ಯಾಸು ವೆಲ್ಡಿಂಗಿಗೆ ಮಂಗಳೂರಿಗೆ ಹೋಗಬೇಕಿದ್ದ
ಕಾಲದ ಕೆಲಸ.

ತೆಗೆಯಲೇಬೇಕು. ಡಾಕ್ಟರಿಗೆ ಬೇಕಾದದ್ದು
ಕಂಪೆನಿಯಿಂದ ಇಳಿದ ದಿನದ ಬಾಗಿಲು.
ಉಳಿಯಿಟ್ಟು ಒಂದೊಂದೇ ರಿವೆಟ್ಟು ಹಾರಿಸಿದೆ.
ಹಿಂದಿನಿಂದ ತುಕ್ಕಿನ ಪುಡಿ ಸುರಿದೀತೆಂದು
ಕಣ್ಣು ಕಿರಿದು ಮಾಡಿ ಕೂತರೆ
ಏನೂ ಇಲ್ಲ.
ಕಪ್ಪಗೆ, ನುಣ್ಣಗೆ, ದೋಣಿಯ ಹೊಟ್ಟೆಯ ಹಾಗೆ.
ಉಗುರಲ್ಲಿ ಕೆರೆದು ಮೂಸಿದೆ:
ಗೇರು ಸಿಪ್ಪೆಯ ಎಣ್ಣೆ.
ಸುತ್ತಲಿನ ಬಾಗಿಲೆಲ್ಲ ಹಪ್ಪಳ,
ಅವರು ಮುಟ್ಟಿದ ಅಂಗೈಯಗಲ ಮಾತ್ರ ಇನ್ನೂ ಕಬ್ಬಿಣ.
ಹದಿಮೂರು ವರ್ಷ ಅವರ ಜೊತೆಗಿದ್ದೆ.
ಇದೊಂದನ್ನು ಹೇಳಿರಲಿಲ್ಲ.

ಹೊಸ ತಗಡು ಬೆಸೆದೆ. ಪಟ್ಟಿ ಎಳೆದೆ, ಉಜ್ಜಿದೆ, ಮತ್ತೆ ಎಳೆದೆ.
ಎಂಬತ್ತರ ಕಾಗದ, ನೂರಿಪ್ಪತ್ತರದ್ದು,
ಕೊನೆಗೆ ನೀರು ಹೊಯ್ದು ನಾನೂರರದ್ದು.
ಬೈರಾಸು ಹಾಸಿ ಅದರ ಮೇಲೆ ಅಂಗೈ ಜಾರಿಸಿ ನೋಡಬೇಕು,
ಬರಿಗೈಗೆ ತಿಳಿಯದ ತಗ್ಗು ಬಟ್ಟೆಗೆ ತಿಳಿಯುತ್ತದೆ.
ಹೊರಗೆ ಹೆದ್ದಾರಿ ಅಗಲವಾಗುತ್ತಿದೆ;
ಜೆಸಿಬಿ ಎಬ್ಬಿಸಿದ ಕೆಂಧೂಳಿಗೆ
ಹಸಿ ಪ್ರೈಮರೆಂದರೆ ಬಲು ಪ್ರೀತಿ.
ರಾತ್ರಿ ಎರಡಕ್ಕೆ ಎದ್ದು, ನೆಲಕ್ಕೆ ನೀರು ಚಿಮುಕಿಸಿ,
ರಸ್ತೆ ನಿದ್ದೆಹೋದ ಎರಡು ಗಂಟೆಯಲ್ಲಿ ಗನ್ನು ಹಿಡಿದೆ.

ನಾಳೆ ಕಾಞಂಗಾಡಿನಿಂದ ಪೈಂಟರು ಬರುತ್ತಾನೆ, ಬೈಜು.
ಕನ್ನಡಿ ಮಾಡುತ್ತಾನೆ, ಎರಡು ಮಾತಿಲ್ಲ.
ಜನ ಅವನ ಬಣ್ಣ ನೋಡುತ್ತಾರೆ. ನೋಡಲಿ.
ನನ್ನ ಕೆಲಸ ಯಾರಿಗಾದರೂ ಕಂಡಿತೆಂದರೆ
ಕೆಟ್ಟಿತು ಎಂದೇ ಲೆಕ್ಕ.

ಬಾಗಿಲ ಒಳಹಾಳೆ ಮುಚ್ಚುವ ಮೊದಲು
ಲತೀಶನನ್ನು ಚಹಾಕ್ಕೆ ಕಳಿಸಿದೆ.
ಬಾಟ್ಲಿ ಅಲುಗಿಸಿ, ಬ್ರಶ್ಶು ಅದ್ದಿ,
ಮೊಣಕೈವರೆಗೆ ಕತ್ತಲೊಳಗೆ ತೂರಿಸಿ
ಕಾಣದ ಮೂಲೆಗೆಲ್ಲ ಬಳಿದೆ.
ಬೆರಳ ಸಂದು ಉರಿಯಿತು.

ಚಹಾ ತಂದವನು ಮೂಗೆಳೆದ:
"ಇದೆಂತ ವಾಸನೆ?"

"ಗೇರು ಹಣ್ಣಿನ ಕಾಲ ಅಲ್ಲವಾ ಮಾರಾಯ" ಎಂದೆ,
ಬಾಗಿಲ ಸ್ಕ್ರೂ ತಿರುಗಿಸುತ್ತ.